ದುರ್ಗದ ಜನ, ದ್ವೀಪದ ಸೆರೆ



ಭೂಪಟದಲ್ಲಿ ಶಾಂತಸಾಗರದ ಪೂರ್ವಭಾಗವನ್ನು ನೋಡಿದರೆ, ದಕ್ಷಿಣ ಅಮೆರಿಕದ ಕರಾವಳಿಗೆ ಬಹುದೂರದಲ್ಲಿ ಒಂದು ಚುಕ್ಕೆ ಕಾಣಿಸುತ್ತದೆ. ಐರೋಪ್ಯ ನಾವಿಕರು ಅದಕ್ಕೆ ಈಸ್ಟರ್ ದ್ವೀಪವೆಂದು ಹೆಸರಿಟ್ಟರು. ಅಲ್ಲಿಯ ಜನರು ರಾಪಾ ನುಯಿ ಎನ್ನುತ್ತಾರೆ. 1862ರ ಕೊನೆಯಲ್ಲಿ ಪೆರು ದೇಶದ ಹಡಗುಗಳು ಅಲ್ಲಿಗೆ ಬಂದು, ಸುಮಾರು ಒಂದೂವರೆ ಸಾವಿರ ಜನರನ್ನು ಕೂಲಿಗೆಂದು ಹಿಡಿದೊಯ್ದವು. ಮರಳಿ ಬಂದವರು ಬೆರಳೆಣಿಕೆಯವರು. ಅವರೊಡನೆ ಸಿಡುಬೂ ಬಂದಿತು. 1877ರಲ್ಲಿ ದ್ವೀಪದಲ್ಲಿ ಉಳಿದಿದ್ದವರು 111 ಮಂದಿ ಮಾತ್ರ. 1888ರಲ್ಲಿ ಚಿಲಿ ದೇಶವು ದ್ವೀಪವನ್ನು ತನ್ನದೆಂದು ಸಾರಿತು. ಮುಂದೆ ಅದರ ಬಹುಭಾಗವು ಕುರಿ ಸಾಕುವ ಕಂಪೆನಿಯ ವಶವಾಯಿತು. ಅಲ್ಲಿಯ ಮೂಲನಿವಾಸಿಗಳಿಗೆ ಪೌರತ್ವದ ಹಕ್ಕು ದೊರೆತದ್ದು 1966ರಲ್ಲಿ. ಆದರೂ ಅವರ ನುಡಿ ಅಳಿಯಲಿಲ್ಲ, ಹಾಡು ನಿಲ್ಲಲಿಲ್ಲ.

ನೆಲವನ್ನು ಕಳೆದುಕೊಂಡು, ಜನರನ್ನೂ ಕಳೆದುಕೊಂಡ ಮೇಲೆ ಒಂದು ಕುಲವು ಯಾವುದರಿಂದ ಬದುಕಿ ಉಳಿಯುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಾವು ಸಾಗರವನ್ನು ದಾಟಬೇಕಾಗಿಲ್ಲ. ಚಿತ್ರದುರ್ಗಕ್ಕೆ ಹೋದರೆ ಸಾಕು.

ದುರ್ಗದ ನಾಯಕರ ಮನೆತನವು ಬೇಡರ ಕುಲದ್ದು. ಮೂಲಪುರುಷನಾದ ತಿಮ್ಮಣ್ಣ ನಾಯಕನು ವಿಜಯನಗರದ ಅರಸರಿಂದ ಮೊದಲು ಹೊಳಲ್ಕೆರೆಯ, ಅನಂತರ ಹಿರಿಯೂರಿನ, ಕೊನೆಗೆ ಚಿತ್ರದುರ್ಗದ ನಾಯಕತನವನ್ನು ಪಡೆದನೆಂದು ಪರಂಪರೆ ಹೇಳುತ್ತದೆ. ಇವನ ವಿಷಯದಲ್ಲಿ ಒಂದು ಕಥೆಯುಂಟು. ಒಮ್ಮೆ ಇರುಳಿನಲ್ಲಿ ವಿಜಯನಗರದ ದಂಡಿನೊಳಗೆ ನುಸುಳಿ ಕುದುರೆಯೊಂದನ್ನು ಅಪಹರಿಸಲು ಹೋದಾಗ, ಸದ್ದಿಗೆ ಎಚ್ಚೆತ್ತ ಕುದುರೆಯಾಳು ಕತ್ತಲೆಯಲ್ಲಿ ಗೂಟವನ್ನು ಮತ್ತೆ ನೆಲಕ್ಕೆ ಹೊಡೆದನಂತೆ. ಆ ಗೂಟವು ಹುಲ್ಲಿನಲ್ಲಿ ಅಡಗಿದ್ದ ತಿಮ್ಮಣ್ಣನ ಅಂಗೈಯನ್ನು ತೂರಿ ಇಳಿಯಿತು. ಅವನು ಹಲ್ಲು ಕಚ್ಚಿ ಸುಮ್ಮನಿದ್ದನು. ಆಳು ಮಲಗಿದ ಮೇಲೆ ಕೈಯನ್ನು ಕತ್ತರಿಸಿಕೊಂಡು ಕುದುರೆಯೊಡನೆ ಹೊರಟುಹೋದನು. ಇದು ನಡೆದ ಸಂಗತಿಯೇ ಎಂದು ಯಾರೂ ಆಣೆಯಿಡಲಾರರು. ಆದರೆ ಒಂದು ಜನವು ತನ್ನ ಮೊದಲಿಗನನ್ನು ಹೇಗೆ ನೆನೆಯಲು ಬಯಸಿತೆಂಬುದು ಇದರಿಂದ ತಿಳಿಯುತ್ತದೆ.

ಕೊನೆಯ ಮದಕರಿ ನಾಯಕನ ಕಾಲಕ್ಕೆ ದುರ್ಗವು ಮರಾಠರಿಗೂ ಹೈದರಾಲಿಗೂ ನಡುವೆ ಸಿಕ್ಕಿಕೊಂಡಿತು. 1777ರಲ್ಲಿ ಹೈದರನು ಹಾಕಿದ ಮುತ್ತಿಗೆಯು ಫಲಿಸಲಿಲ್ಲ. 1779ರಲ್ಲಿ ಅವನು ಮತ್ತೆ ಬಂದನು. ಕೋಟೆಯೊಳಗಿನ ಕೆಲವರ ದ್ರೋಹವೂ ಸೇರಿ ದುರ್ಗವು ಬಿದ್ದಿತು. ನಾಯಕನನ್ನೂ ಅವನ ಪರಿವಾರವನ್ನೂ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ದರು. ನಾಯಕನು ದುರ್ಗಕ್ಕೆ ಮರಳಲಿಲ್ಲ.

ಆದರೆ ಹೈದರನು ನಾಯಕನೊಬ್ಬನನ್ನು ಹಿಡಿದು ತೃಪ್ತನಾಗಲಿಲ್ಲ. ಬೇಡರ ಬಲವನ್ನು ಬೇರುಸಹಿತ ಕೀಳಬೇಕೆಂದು ಇಪ್ಪತ್ತು ಸಾವಿರ ಜನರನ್ನು ಕಾವೇರಿಯ ನಡುವಣ ಆ ದ್ವೀಪಕ್ಕೆ ಸಾಗಿಸಿದನೆಂದೂ, ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ ಮತಾಂತರಿಸಿ ಚೇಲಾ ಪಡೆಗಳಲ್ಲಿ ಸೇರಿಸಿದನೆಂದೂ ಆಂಗ್ಲ ಚರಿತ್ರಕಾರರು ಬರೆದಿದ್ದಾರೆ. ಇಷ್ಟು ದುಂಡಾದ ಅಂಕಿಯನ್ನು ತಲೆಯೆಣಿಕೆಯೆಂದು ತಿಳಿಯದೆ, ಅನಾಹುತದ ಪ್ರಮಾಣವೆಂದು ತಿಳಿಯುವುದು ಲೇಸು. ಇದನ್ನು ಬರೆದ ವಿಲ್ಕ್ಸ್ ಸಾಹೇಬನು ಹೈದರನ ಮನೆತನದ ವೈರಿಗಳಾದ ಕಂಪೆನಿಯವರ ನೌಕರನೆಂಬುದನ್ನೂ ಮರೆಯಬಾರದು. ಹೈದರನು ಕಡಲಾಚೆಯಿಂದ ಬಂದವನಲ್ಲ. ಆದರೂ ನೆಲವನ್ನು ಗೆಲ್ಲಲು ಅಲ್ಲಿಯ ಜನರನ್ನೇ ಕಿತ್ತೊಯ್ಯುವ ಕ್ರಮವು ಎಲ್ಲ ಸಾಮ್ರಾಜ್ಯಗಳಿಗೂ ಪರಿಚಿತವಾದುದೇ.

1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರು ಮೈಸೂರನ್ನು ಒಡೆಯರ ಮನೆತನಕ್ಕೆ ಮರಳಿಸಿದರು. ದುರ್ಗವು ಮೈಸೂರಿನೊಳಗೆ ಉಳಿಯಿತು. ನಾಯಕರ ಗಾದಿಯನ್ನು ಮಾತ್ರ ಯಾರೂ ಎತ್ತಿ ನಿಲ್ಲಿಸಲಿಲ್ಲ. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಕಂದಾಚಾರದ ಪಡೆಯು ಹಳೆಯ ಯೋಧ ಕುಲಗಳ ಅನೇಕರಿಗೆ ಅನ್ನದ ದಾರಿಯಾಯಿತು. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳೇ ಸಂಸ್ಥಾನವನ್ನು ಆಳಿದರು. ಇಂಗ್ಲಿಷ್ ಬರಹಗಳಲ್ಲಿ ಪಾಳೆಯಗಾರನೆಂಬ ಮಾತು ಪುಂಡತನಕ್ಕೆ ಪರ್ಯಾಯವಾಯಿತು. ಕೋಟೆಯು ಒಮ್ಮೆ ಹೋಯಿತು. ಹೆಸರು ಎರಡನೆಯ ಸಲ ಹೋಯಿತು.

ಹೀಗಿರಲು ಉಳಿದುದೇನು? ಕೋಟೆಯ ಹೊರಗಿದ್ದುದು ಉಳಿಯಿತು. ಬಯಲುಸೀಮೆಯ ಹಟ್ಟಿಗಳಲ್ಲಿ ಮ್ಯಾಸಬೇಡರು ಕಟ್ಟೆಮನೆಯ ಕಟ್ಟಳೆಯನ್ನು ಬಿಡಲಿಲ್ಲ. ದೇವರ ಎತ್ತುಗಳನ್ನು ಕಿಲಾರಿಗಳು ಮೇಯಿಸುತ್ತಲೇ ಬಂದರು. ಗಾದ್ರಿ ಪಾಲನಾಯಕನ ಕಥೆಯನ್ನು ಹಾಡುವವರು ಹಾಡಿದರು. ಕಾಡುಗೊಲ್ಲರು ಹಿರಿಯೂರು, ಹೊಸದುರ್ಗಗಳ ಸೀಮೆಯಲ್ಲಿ ಜುಂಜಪ್ಪನನ್ನೂ ಎತ್ತಪ್ಪನನ್ನೂ ಹಾಡಿನಲ್ಲಿ ಜೀವಂತವಾಗಿಟ್ಟರು. ಹಿರಿಯೂರಿನ ತೇರುಮಲ್ಲೇಶ್ವರನಿಗೆ ತೇರು, ಹೊಳಲ್ಕೆರೆಯ ಬಯಲು ಗಣಪತಿಗೆ ಪೂಜೆ, ದುರ್ಗದ ಏಕನಾಥೇಶ್ವರಿಗೆ ಜಾತ್ರೆ ಇಂದಿಗೂ ಉಂಟು. ಕಾವಲುಗಾರನ ಹೆಂಡತಿ ಓಬವ್ವನು ಒನಕೆ ಹಿಡಿದು ನಿಂತ ಕಿಂಡಿಯನ್ನು ತೋರಿಸುವುದಕ್ಕೆ ಶಿಲಾಶಾಸನವು ಬೇಕಾಗಲಿಲ್ಲ. ಜನರ ಬಾಯೇ ಅದನ್ನು ಕಾಯಿತು. ಬೀಗವಿರುವ ಕಡೆ ಕೊಳ್ಳೆಯುಂಟು, ಹಾಡಿಗೆ ಬೀಗವೆಲ್ಲಿ?

ಬರವಣಿಗೆಯು ತಡವಾಗಿ ಬಂದಿತು. ಎಂ. ಎಸ್. ಪುಟ್ಟಣ್ಣನವರು ಚಿತ್ರದುರ್ಗದ ಪಾಳೆಯಗಾರರನ್ನು ಕುರಿತು ಕನ್ನಡದಲ್ಲಿ ಗ್ರಂಥವನ್ನೇ ರಚಿಸಿದರು. ತ. ರಾ. ಸುಬ್ಬರಾಯರು ಕಾದಂಬರಿಗಳ ಮೂಲಕ ಆ ಮನೆತನವನ್ನು ನಾಡಿನ ಮನೆಮನೆಗೆ ತಂದರು. ಅವರ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ದೊರೆಯುವ ವೇಳೆಗೆ ಅವರು ಬದುಕಿರಲಿಲ್ಲ.

ಆದರೆ ಇಷ್ಟರಿಂದಲೇ ನಾವು ಹಿಗ್ಗಬಾರದು. ರಾಪಾ ನುಯಿಯಲ್ಲಿ ರೊಂಗೊರೊಂಗೊ ಎಂಬ ಬರಹವನ್ನು ಕೊರೆದ ಮರದ ಹಲಗೆಗಳಿದ್ದವು. ಅವುಗಳಲ್ಲಿ ಕೆಲವು ಇಂದಿಗೂ ಪರದೇಶಗಳ ವಸ್ತುಸಂಗ್ರಹಾಲಯಗಳಲ್ಲಿ ಇವೆ. ಆದರೆ ಓದಬಲ್ಲವರು ಹಡಗುಗಳ ಪಾಲಾದರು, ರೋಗದ ಪಾಲಾದರು. ಆ ಲಿಪಿಯನ್ನು ಈವರೆಗೆ ಯಾರೂ ಓದಿಲ್ಲ. ಅಲ್ಲಿ ಬರಹ ಉಳಿದು ಬಾಯಿ ಹೋಯಿತು. ನಮ್ಮ ಹಟ್ಟಿಗಳಲ್ಲಿ ಬರಹವಿಲ್ಲದೆ ಬಾಯಿಯೇ ಎಲ್ಲವನ್ನೂ ಹೊತ್ತು ತಂದಿದೆ. ಬಾಯಿಗೆ ಒಂದು ಆಯುಸ್ಸಿನ ಅವಧಿ ಮಾತ್ರ. ಹಾಡುವ ಮುದುಕಿಯೊಬ್ಬಳು ತೀರಿಕೊಂಡರೆ, ಅವಳಿಂದ ಕಲಿತವರಿಲ್ಲದ ಪಕ್ಷದಲ್ಲಿ, ಒಂದು ಚರಿತ್ರೆಯೇ ಮಣ್ಣಾಗುತ್ತದೆ. ಅದಕ್ಕೆ ಹೈದರನೂ ಬೇಕಿಲ್ಲ, ಕಂಪೆನಿಯೂ ಬೇಕಿಲ್ಲ. ನಮ್ಮ ಉದಾಸೀನವೇ ಸಾಕು.

ಆದುದರಿಂದ ಶ್ರೋತೃಗಳಲ್ಲಿ ನನ್ನದೊಂದು ಬಿನ್ನಹ. ದುರ್ಗಕ್ಕೆ ಹೋದಾಗ ಏಳು ಸುತ್ತಿನ ಕೋಟೆಯನ್ನು ಅವಶ್ಯವಾಗಿ ನೋಡಿರಿ. ಅನಂತರ ಕೆಳಗಿಳಿದು ಯಾವುದಾದರೊಂದು ಹಟ್ಟಿಯ ಜಗಲಿಯಲ್ಲಿ ಒಂದು ಸಂಜೆ ಕುಳಿತು ಕೇಳಿರಿ. ಬಿದ್ದ ಕೋಟೆಯನ್ನು ನೀವು ಬೆಟ್ಟದ ಮೇಲೆ ಕಂಡಿರುತ್ತೀರಿ. ಬೀಳದ ಕೋಟೆಯು ಅಲ್ಲಿದೆ.