ಕರೈವಲ್: ಒಂದೇ ಕಾಲುವೆಯ ಪಾಲುದಾರ

ಇಂಗ್ಲಿಷಿನ ‘ಕರೈವಲ್’ ಈಗ ಹೆಚ್ಚುಕಡಿಮೆ ಬಳಕೆ ತಪ್ಪಿದ ಪದ. ನಿಘಂಟು ತೆರೆದರೆ ‘ರೈವಲ್’ನಂತೆಯೇ ಎದುರಾಳಿ ಎಂಬ ಅರ್ಥ ಮೊದಲು ಸಿಗುತ್ತದೆ. ಆದರೆ 1598ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ಯ ಮೊದಲ ಭಾಗದಲ್ಲಿ ಈ ಪದ ಎರಡು ಕಡೆ ಬರುತ್ತದೆ, ಎರಡು ಬಗೆಯಲ್ಲಿ. ಮೊದಲ ಅಂಕದಲ್ಲಿ ಕೀರ್ತಿಗಾಗಿ ಹಸಿದ ಹಾಟ್‌ಸ್ಪರ್, ಗೆದ್ದ ಗೌರವದಲ್ಲಿ ಪಾಲು ಬೇಡುವ ಕರೈವಲ್ ತನಗೆ ಇರಕೂಡದು ಎನ್ನುತ್ತಾನೆ. ನಾಲ್ಕನೆಯ ಅಂಕದಲ್ಲಿ ಯಾರ್ಕಿನ ಆರ್ಚ್‌ಬಿಷಪ್ ರಾಜನ ಪಕ್ಷದಲ್ಲಿ ಯಾರ್ಯಾರು ನೆರೆದಿದ್ದಾರೆಂದು ಎಣಿಸುತ್ತಾನೆ. ಅಲ್ಲಿ ಕರೈವಲ್‌ಗಳೆಂದರೆ ರಾಜನ ಜೊತೆಗಾರರು!

ಇದು ಕವಿಯ ಅಜಾಗರೂಕತೆಯಲ್ಲ. ಲ್ಯಾಟಿನ್ನಿನಲ್ಲಿ ‘ರಿವುಸ್’ ಎಂದರೆ ತೊರೆ, ಕಾಲುವೆ. ಒಂದೇ ಕಾಲುವೆಯಿಂದ ನೀರು ಹಾಯಿಸಿಕೊಳ್ಳುವವನು ‘ರಿವಾಲಿಸ್’. ಕ್ರಿ.ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಜಾರಿಗೆ ತಂದ ‘ಡೈಜೆಸ್ಟ್’ನಲ್ಲಿ ನ್ಯಾಯಜ್ಞ ಉಲ್ಪಿಯನ್ ಹೇಳಿದ್ದು ಉಳಿದಿದೆ: ಇಂಥ ಇಬ್ಬರೂ ನೀರು ತನ್ನದೇ ಎಂದು ಜಗಳಕ್ಕೆ ನಿಂತರೆ, ನ್ಯಾಯಾಧಿಕಾರಿಯ ತಡೆಯಾಜ್ಞೆ ಇಬ್ಬರಿಗೂ ಸಮನಾಗಿ ಅನ್ವಯಿಸುತ್ತದೆ. ಅಲ್ಲಿ ವಾದಿ, ಪ್ರತಿವಾದಿ ಎಂಬ ಭೇದವಿಲ್ಲ. ಹಾಗೆ ನೋಡಿದರೆ ‘ರೈವಲ್’ನಲ್ಲೇ ಜೊತೆತನ ಅಡಗಿತ್ತು. ಅದರ ಮುಂದೆ ‘ಕೂಡ’ ಎಂಬರ್ಥದ ‘ಕೊ’ ಸೇರಿಸಿ ಕರೈವಲ್ ಮಾಡಿದ್ದು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಂತೆ.

ನೀರಿನ ವ್ಯಾಜ್ಯದ ಈ ಮಾತು ರೋಮಿನಲ್ಲೇ ಪ್ರಣಯಕ್ಕೂ ದಾಟಿತ್ತು. ಕ್ರಿ.ಪೂ. 161ರ ಟೆರೆನ್ಸನ ‘ಯೂನುಕುಸ್’ ಪ್ರಹಸನದಲ್ಲಿ ಒಬ್ಬ ಹೆಣ್ಣನ್ನು ಬಯಸುವ ಗಂಡಸರೇ ರಿವಾಲಿಸ್‌ಗಳು. ಇಂಗ್ಲಿಷಿನಲ್ಲಿ ಹಳೆಯ ಅರ್ಥ ಬೇಗ ಸೊರಗಿತು. ‘ಹ್ಯಾಮ್ಲೆಟ್’ನ ಆರಂಭದಲ್ಲಿ ಪಹರೆಯವನು ತನ್ನ ಜೊತೆ ಕಾವಲಿಗೆ ಬರುವವರನ್ನು ‘ರೈವಲ್’ಗಳೆಂದು ಕರೆಯುತ್ತಾನೆ. 1603ರ ಮೊದಲ ಮುದ್ರಣದಲ್ಲಿ ಮಾತ್ರ ಅದೇ ಜಾಗದಲ್ಲಿ ‘ಪಾರ್ಟ್‌ನರ್’ ಎಂದಿದೆ. ಇಂದು ಅದನ್ನು ಮೊದಲ ಸಲ ಓದುವ ವಿದ್ಯಾರ್ಥಿ ಒಂದು ಕ್ಷಣ ತಬ್ಬಿಬ್ಬಾದರೆ ತಪ್ಪಿಲ್ಲ.

ಕನ್ನಡದವರಿಗೆ ಇದರಲ್ಲಿ ಅಚ್ಚರಿ ಕಡಿಮೆ. ದಾಯವೆಂದರೆ ಪಿತ್ರಾರ್ಜಿತ ಆಸ್ತಿ, ಅದರ ಪಾಲು ಪಡೆಯುವವನು ದಾಯಾದಿ. ಆದರೂ ‘ದಾಯಾದಿ’ ಎಂದೊಡನೆ ನಮ್ಮ ನಾಲಗೆಗೆ ಬರುವ ಮುಂದಿನ ಪದ ‘ಮತ್ಸರ’. ಪಾಣಿನಿಯಂತೂ ‘ಭ್ರಾತೃವ್ಯ’ಕ್ಕೆ ಎರಡು ಸೂತ್ರ ಕೊಟ್ಟಿದ್ದಾನೆ: ಒಂದರಲ್ಲಿ ಅಣ್ಣತಮ್ಮಂದಿರ ಮಗ, ಇನ್ನೊಂದರಲ್ಲಿ ವೈರಿ. ವ್ಯತ್ಯಾಸ ಸ್ವರದಲ್ಲಷ್ಟೆ. ಆ ವೈರಿಗೆ ಅವನು ಬಳಸುವ ಪದ ‘ಸಪತ್ನ’. ಅದು ಹುಟ್ಟಿದ್ದು ‘ಸಪತ್ನೀ’ಯಿಂದ, ಎಂದರೆ ನಮ್ಮ ಸವತಿಯಿಂದ.