ಜೋಡಿ ಎಕ್ಕ
ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಪ್ರಕಾರದಲ್ಲಿ ಆಟಗಾರನಿಗೆ ಮೊದಲು ಮುಚ್ಚಿ ಹಂಚುವ ಎರಡೂ ಎಲೆಗಳು ಎಕ್ಕಗಳಾಗಿರುವ, ಅತ್ಯಂತ ಬಲವಾದ ಆರಂಭಿಕ ಕೈ. 52 ಎಲೆಗಳಿಂದ ಮೂಡಬಲ್ಲ 1,326 ಜೋಡಣೆಗಳಲ್ಲಿ 6 ಮಾತ್ರ ಇಂಥವಾದುದರಿಂದ ಇದು ಸರಾಸರಿ 221 ಹಂಚಿಕೆಗಳಿಗೊಮ್ಮೆ ಬರುತ್ತದೆ. ಯಾವುದೋ ಒಂದು ಕೈಯೆದುರು ಇದರ ಗೆಲುವಿನ ಸಾಧ್ಯತೆ ಸುಮಾರು ಶೇ. 85 ಇದ್ದರೂ, ನಾಲ್ವರು ಎದುರಾಳಿಗಳು ಕೊನೆಯವರೆಗೆ ಉಳಿದರೆ ಅದು ಶೇ. 56ರ ಆಸುಪಾಸಿಗೆ ಇಳಿಯುವುದರಿಂದ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಎಲೆಗಳು ತೆರೆಯುವ ಮೊದಲೇ ಪಣ ಏರಿಸಿ ಎದುರಾಳಿಗಳನ್ನು ಒಬ್ಬಿಬ್ಬರಿಗೆ ಇಳಿಸುವುದೇ ಸರಿಯಾದ ಕ್ರಮ. ಬಲೆಯೊಡ್ಡಲೆಂದು ಇತರರ ಪಣಕ್ಕೆ ಸುಮ್ಮನೆ ಸರಿಗಟ್ಟುವುದು ಬಹುಪಾಲು ನಷ್ಟದ ದಾರಿ. ಕಳೆದುಕೊಂಡ ಚಿಪ್‌ಗಳು ಮರಳಿ ಸಿಗದ ಪಂದ್ಯಾವಳಿಯಲ್ಲಿ, ಬಹುಮಾನದ ಹಂತ ಸಮೀಪಿಸಿದಾಗ ಜೋಡಿ ರಾಣಿಯಂಥ ಕೈಯನ್ನೂ ಬಿಡುವುದು ಕೆಲವೊಮ್ಮೆ ವಿವೇಕವಾದರೆ, ಜೋಡಿ ಎಕ್ಕಕ್ಕೆ ಬಿಡಬೇಕೇ ಎಂಬ ಸಂಶಯ ಬಹುತೇಕ ಅನ್ವಯಿಸದು. ದೊಡ್ಡ ಪಂದ್ಯಾವಳಿಯ ಪ್ರವೇಶವನ್ನೇ ಹಲವರಿಗೆ ಸಮನಾಗಿ ಹಂಚುವ ಸ್ಯಾಟಲೈಟ್ ಪಂದ್ಯಗಳಲ್ಲಿ ಮಾತ್ರ, ಸಾಕಷ್ಟು ಚಿಪ್‌ಗಳಿರುವ ಆಟಗಾರ ಇದನ್ನೂ ಕೈಬಿಡಬೇಕಾದ ಅಪರೂಪದ ಸಂದರ್ಭ ಒದಗುತ್ತದೆ.