ಡ್ರಿಲ್ ಬಿಟ್ ಸಾಣೆ

ಮೊಂಡಾದ ಡ್ರಿಲ್ ಬಿಟ್ಟಿಗೆ ಮನೆಯ ಬೆಂಚ್ ಗ್ರೈಂಡರಿನಲ್ಲೇ ಮತ್ತೆ ಹರಿತ ತರುವ ಕೆಲಸ. ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಪೇಟೆಂಟ್ ಪಡೆದ ಸುರುಳಿ ಬಿಟ್ಟಿನ ತುದಿಯಲ್ಲಿ ಕೊರೆಯುವ ಅಂಚುಗಳು ಎರಡು. ಅವುಗಳ ನಡುವಿನ ಕೋನ ಸಾಮಾನ್ಯವಾಗಿ 118 ಡಿಗ್ರಿ. ಗಟ್ಟಿ ಉಕ್ಕಿಗಾದರೆ 135.

118ರ ಬಿಟ್ಟನ್ನು ಚಕ್ರದ ಮುಖಕ್ಕೆ 59 ಡಿಗ್ರಿ ಓರೆಯಾಗಿ ಹಿಡಿದು, ಅಂಚು ತಾಗಿದೊಡನೆ ಹಿಂತುದಿಯನ್ನು ನಿಧಾನವಾಗಿ ಕೆಳಗಿಳಿಸಬೇಕು. ಆಗ ಅಂಚಿನ ಹಿಂಭಾಗ ತುಸು ತಗ್ಗುತ್ತದೆ. ಈ ತಗ್ಗೇ ಕೆಲಸದ ಜೀವಾಳ: ಅದಿಲ್ಲದ ಬಿಟ್ಟು ಎಷ್ಟು ಒತ್ತಿದರೂ ಲೋಹವನ್ನು ಉಜ್ಜುತ್ತದೆಯೇ ಹೊರತು ಕೊರೆಯುವುದಿಲ್ಲ. ಒಂದು ಅಂಚು ಉದ್ದವಾದರೆ ತೂತು ಅಳತೆ ಮೀರಿ ಅಗಲವಾಗುತ್ತದೆ.

ಕಾರ್ಬನ್ ಉಕ್ಕಿನ ಬಿಟ್ಟು ನೀಲಿಗಟ್ಟಿತೆಂದರೆ ಹದ ಕೆಟ್ಟಿತು. ಹಾಗೆ ಬಿಸಿಯೇರದಂತೆ ಆಗಾಗ ನೀರಿಗೆ ಅದ್ದಬೇಕು. ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ. ಕೈಗವಸು ಮಾತ್ರ ಬೇಡ, ತಿರುಗುವ ಚಕ್ರ ಅದನ್ನು ಬೆರಳಿನ ಸಮೇತ ಎಳೆದುಕೊಳ್ಳಬಹುದು.